ಗಂಧರಾಜನ ಗೆಲ್ಲು ಸವರುವ ಹೊತ್ತು

ಈ ವರ್ಷದ ಕೊನೆಯ ಗಂಧರಾಜ ಅರಳಿದ್ದು ಜೂನ್ 11ಕ್ಕೆ. ಬೆಳಿಗ್ಗೆ ಹಾಲಿನಂತೆ ಇತ್ತು. ಮಧ್ಯಾಹ್ನ ಒಂದು ಜೋರು ಮಳೆ ಹೊಡೆಯಿತು. ಸಂಜೆ ನೋಡಿದರೆ ಎಸಳುಗಳೆಲ್ಲ ಒದ್ದೆ ಕಾಗದದ ಹಾಗೆ ಒಂದಕ್ಕೊಂದು ಅಂಟಿಕೊಂಡು, ಅಂಚು ಕಂದಾಗಿತ್ತು. ಅತ್ತೆ ಚಾವಡಿಯಲ್ಲಿ ಕಾಲು ಚಾಚಿ ಕೂತು ಅದನ್ನೇ ನೋಡುತ್ತಿದ್ದರು. "ಇನ್ನು ನಿನ್ನ ಕತ್ತರಿಗೆ ಕೆಲಸ ಸಿಕ್ಕಿತ್ತನ್ನೆ" ಅಂದರು.

ಈ ಮಾತು ಅವರ ಬಾಯಲ್ಲಿ ಬರುವುದಕ್ಕೆ ಎಷ್ಟು ವರ್ಷ ಹಿಡಿಯಿತು ಎಂದು ನನಗೆ ಮಾತ್ರ ಗೊತ್ತು.

ಮೊದಲು ಹೆಸರಿನ ಗೊಂದಲ ಮುಗಿಸಿಬಿಡುತ್ತೇನೆ. ನಾವು ಗಂಧರಾಜ ಅನ್ನುವುದು ಗಾರ್ಡೇನಿಯಾಕ್ಕೆ. ಪಕ್ಕದ ಮನೆಯವರ ಮಲಯಾಳದಲ್ಲಿ ಅದು ಗಂಧರಾಜನ್. ಘಟ್ಟದ ಮೇಲಿನ ಗೆಳತಿಯರಿಗೆ ಹೇಳಿದರೆ "ಓ, ಸುಗಂಧರಾಜನಾ?" ಎಂದು ಕೇಳುತ್ತಾರೆ. ಅದು ಬೇರೆ, ಗಡ್ಡೆಯಿಂದ ಬರುವ ಉದ್ದ ದಂಟಿನ ಹೂ, ಮದುವೆ ಹಾರಕ್ಕೆ ಹಾಕುತ್ತಾರಲ್ಲ ಅದು. ಇನ್ನು ಕೆಲವರು ನಂದಿಬಟ್ಟಲನ್ನೇ ತೋರಿಸಿ ಗಂಧರಾಜ ಅನ್ನುತ್ತಾರೆ. ಅನುಮಾನ ಬಂದರೆ ಒಂದು ಎಲೆ ಮುರಿದು ನೋಡಿ. ಹಾಲು ಬಂದರೆ ನಂದಿಬಟ್ಟಲು. ಗಂಧರಾಜನಿಗೆ ಹಾಲಿಲ್ಲ. ಅದು ಕಾಫಿಯ ಕುಟುಂಬದ್ದು, ನಮ್ಮ ಗುಡ್ಡೆಯಲ್ಲಿ ಬೇಕುಬೇಕಾದಷ್ಟು ಇರುವ ಕೇಪಳಕ್ಕೆ ನೆಂಟ.

ಗಾರ್ಡನ್‌ನಲ್ಲಿ ಇರುವುದರಿಂದ ಗಾರ್ಡೇನಿಯಾ ಎಂದು ನಾನು ತುಂಬ ದಿನ ನಂಬಿದ್ದೆ. ಹಾಗಲ್ಲವಂತೆ. ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿದ್ದ ಅಲೆಕ್ಸಾಂಡರ್ ಗಾರ್ಡನ್ ಎಂಬ ಸ್ಕಾಟ್ಲೆಂಡಿನ ವೈದ್ಯನ ಹೆಸರು ಅದು. ಜಾನ್ ಎಲ್ಲಿಸ್ ಎಂಬವನು 1761ರಲ್ಲಿ ಗೆಳೆಯನ ಹೆಸರನ್ನು ಗಿಡಕ್ಕೆ ಇಟ್ಟ. ಗಿಡ ಚೀನಾದ ಕಡೆಯದು, ಹೆಸರು ಅಮೆರಿಕದ ಡಾಕ್ಟರದ್ದು, ಬೆಳೆದಿರುವುದು ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಅಂಗಳದ ಮೂಲೆಯಲ್ಲಿ.

ನಾನು ಮದುವೆಯಾಗಿ ಈ ಮನೆಗೆ ಬಂದು 22 ವರ್ಷವಾಯಿತು. ಆಗಲೇ ಆ ಗಿಡ ನನಗಿಂತ ಎತ್ತರವಿತ್ತು. ಅತ್ತೆ ತಮ್ಮ ತವರಿನಿಂದ, ಪೆರ್ಲದ ಆಚೆಯಿಂದ, ಬಾಳೆದಿಂಡಿನ ಪಟ್ಟೆಯಲ್ಲಿ ಸುತ್ತಿ ತಂದ ಗೆಲ್ಲಂತೆ, ಒಂದು ಕೊಂಬೆ. ಅದಕ್ಕೆ ಯಾರೂ ಕತ್ತಿ ತಾಗಿಸುವ ಹಾಗಿರಲಿಲ್ಲ. ಅತ್ತೆಯ ಕಾನೂನು ಒಂದೇ ಸಾಲಿನದು: "ಹೂಗು ಬಿಡ್ತ ಸೆಸಿಗೆ ಕತ್ತಿ ಮಡುಗುಲಾಗ ಕೂಸೇ."

ಕತ್ತಿ ಇಡದ ಗಿಡ ಹೇಗಿರುತ್ತದೆ ಎಂದರೆ, ಬುಡದಲ್ಲಿ ನಾಲ್ಕು ಬೋಳು ಕಡ್ಡಿ, ಮೇಲೆ ಒಂದು ಕೊಡೆ. ಎಲೆಯೆಲ್ಲ ತುದಿಯಲ್ಲಿ. ಹೂವೂ ತುದಿಯಲ್ಲಿ, ಅಂದರೆ ಹೆಂಚಿನ ಮಾಡಿನ ಮಟ್ಟದಲ್ಲಿ. ಕೊಯ್ಯಬೇಕಾದರೆ ಕೊಕ್ಕೆ ಹಿಡಿದು ಗೆಲ್ಲು ಬಗ್ಗಿಸಬೇಕು. ಗಂಧರಾಜದ ಎಸಳು ಮುಟ್ಟಿದರೆ ಕಂದಾಗುವ ಜಾತಿ. ಕೊಕ್ಕೆಗೆ ಸಿಕ್ಕಿದ ಹೂವಿನ ಮೇಲೆ ಬೆರಳಚ್ಚು ಒತ್ತಿದ ಹಾಗೆ ಕಲೆ ಬೀಳುತ್ತಿತ್ತು. ದೇವರಿಗೆ ಇಟ್ಟರೆ ಅತ್ತೆಗೆ ಬೇಸರ, ಮುಡಿಯೋಣವೆಂದರೆ ನನಗೆ ಬೇಸರ.

ಎರಡನೇ ವರ್ಷವೋ ಮೂರನೇ ವರ್ಷವೋ, ಅತ್ತೆ ಮಗಳ ಬಾಣಂತನಕ್ಕೆಂದು ಬೆಂಗಳೂರಿಗೆ ಹೋಗಿದ್ದರು. ನವರಾತ್ರಿ ಹತ್ತಿರ ಬಂದಿತ್ತು. ಮಳೆ ನಿಂತಿತ್ತು. ಅಂಗಳ ಚೊಕ್ಕ ಮಾಡುವ ಹುಮ್ಮಸ್ಸಿನಲ್ಲಿ ನಾನು ಗಂಧರಾಜನ ತಲೆಯನ್ನೂ ಚೊಕ್ಕ ಮಾಡಿದೆ. ಅಡಿಕೆ ತೋಟದ ಕತ್ತಿಯಲ್ಲೇ. ಸುತ್ತಲೂ ಒಂದೇ ಮಟ್ಟಕ್ಕೆ, ಶಾಲೆಯ ಬೇಲಿ ಕತ್ತರಿಸಿದ ಹಾಗೆ. ನೋಡಲಿಕ್ಕೆ ತುಂಬ ಚಂದ ಕಂಡಿತು.

ಆ ಮುಂದಿನ ಎಪ್ರಿಲ್‌ನಲ್ಲಿ ಒಂದು ಹೂವಿಲ್ಲ. ಮೇ ತಿಂಗಳಲ್ಲೂ ಇಲ್ಲ. ಎಲೆ ಮಾತ್ರ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಅತ್ತೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ದಿನಾ ಬೆಳಿಗ್ಗೆ ಬುಟ್ಟಿ ಹಿಡಿದು ತೋಡು ದಾಟಿ ಆಚೆ ಮನೆಗೆ ಹೋಗಿ ಹೂ ಕೇಳಿ ತರುತ್ತಿದ್ದರು. ಬುಟ್ಟಿಯನ್ನು ನನ್ನ ಎದುರಿನಿಂದಲೇ ಒಳಗೆ ಕೊಂಡುಹೋಗುತ್ತಿದ್ದರು. ಮೇ ಕೊನೆಯ ಪತ್ತನಾಜೆಯವರೆಗೂ ಹೀಗೇ ನಡೆಯಿತು.

ನನ್ನ ತಪ್ಪು ಕತ್ತರಿಸಿದ್ದಲ್ಲ, ಕತ್ತರಿಸಿದ ತಿಂಗಳು. ಇದು ಅರ್ಥವಾಗಲಿಕ್ಕೆ ಮತ್ತೂ ಒಂದೆರಡು ವರ್ಷ ಬೇಕಾಯಿತು. ಗಂಧರಾಜ ಹೂ ಬಿಡುವುದು ಗೆಲ್ಲಿನ ತುದಿಯಲ್ಲಿ. ಒಂದು ತುದಿಗೆ ಒಂದು ಹೂ. ಹೂ ಮುಗಿದ ಮೇಲೆ ಮಳೆಗಾಲದಲ್ಲಿ ಹೊಸ ಚಿಗುರು ಬರುತ್ತದೆ. ಆ ಚಿಗುರು ಬಲಿತು, ಮಳೆ ಕಳೆದು ರಾತ್ರಿ ತಂಪಾಗುವ ಹೊತ್ತಿಗೆ ಅದರ ತುದಿಯಲ್ಲಿ ಮುಂದಿನ ಬೇಸಿಗೆಯ ಮೊಗ್ಗು ಕೂರುತ್ತದೆ. ನಮ್ಮ ಕಣ್ಣಿಗೆ ಕಾಣುವುದು ತಿಂಗಳುಗಟ್ಟಲೆ ಕಳೆದ ಮೇಲೆ. ನವರಾತ್ರಿಗೆ ಕತ್ತಿ ಬೀಸಿದರೆ ಆ ಬಲಿತ ತುದಿಗಳೇ ಹೋಗುತ್ತವೆ. ನಾನು ಕಸದ ಗುಂಡಿಗೆ ಎಸೆದದ್ದು ಬರೀ ಎಲೆಯಲ್ಲ, ಒಂದು ಇಡೀ ಎಪ್ರಿಲ್.

ಅದಕ್ಕೇ ಪುಸ್ತಕದಲ್ಲೆಲ್ಲ ಹೂ ಮುಗಿದ ತಕ್ಷಣ ಸವರಿ ಎಂದು ಬರೆದಿರುತ್ತಾರೆ. ಬರೆಯುವುದು ಸುಲಭ. ಕಾಸರಗೋಡಿನಲ್ಲಿ ಹೂ ಮುಗಿಯುವುದೂ ಮಳೆ ಹಿಡಿಯುವುದೂ ಒಂದೇ ಸಮಯ. ವರ್ಷಕ್ಕೆ ಹತ್ತಿರಹತ್ತಿರ 3500 ಮಿಲಿಮೀಟರ್ ಸುರಿಯುವ ಊರು ಇದು. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಸಿ ಗಾಯದ ಮೇಲೆ ವಾರಗಟ್ಟಲೆ ನೀರು ಸುರಿದರೆ ಗೆಲ್ಲು ತುದಿಯಿಂದ ಕೆಳಗೆ ಕಪ್ಪಾಗುತ್ತ ಒಣಗುತ್ತದೆ. ಹಾಗೆಂದು ಮಳೆ ನಿಲ್ಲಲಿ ಎಂದು ಕಾದರೆ ನವರಾತ್ರಿ. ಪುಸ್ತಕ ಬರೆದವರು ನಮ್ಮ ಊರಿನ ಜೂನ್ ನೋಡಿಲ್ಲ ಅನಿಸುತ್ತದೆ.

ನಮಗಿರುವ ದಾರಿ ಪತ್ತನಾಜೆ ಮತ್ತು ಆಟಿಯ ನಡುವಿನದು. ಪತ್ತನಾಜೆ ಎಂದರೆ ಮೇ 24ರ ಹೊತ್ತಿಗೆ ಬರುವ, ತುಳುವರ ಬೇಷ ತಿಂಗಳ ಹತ್ತನೇ ದಿನ. ಯಕ್ಷಗಾನದ ಮೇಳಗಳು ಅಂದು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ. ಗಂಧರಾಜನೂ ಹೆಚ್ಚುಕಡಿಮೆ ಆಗಲೇ ಗೆಜ್ಜೆ ಬಿಚ್ಚುವವನು. ಜುಲೈ ನಡುವಿಗೆ ಆಟಿ ತಿಂಗಳು ಬರುತ್ತದೆ. ಈ ಎರಡರ ನಡುವೆ ಮಳೆ ಒಂದೆರಡು ದಿನ ಉಸಿರು ತೆಗೆದುಕೊಳ್ಳುತ್ತದೆ. ತೋಟದವರೆಲ್ಲ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು (ತಾಮ್ರದ ಸಲ್ಫೇಟ್) ಹೊಡೆಸಲಿಕ್ಕೆ ಆಕಾಶ ನೋಡಿಕೊಂಡು ಕಾಯುವ ಬಿಡುವು ಅದು. ಅಡಿಕೆ ಮರ ಹತ್ತುವವರು ನಮ್ಮ ಮನೆಗೆ ಬಂದ ದಿನ ನಾನೂ ಕತ್ತರಿ ತೆಗೆಯುತ್ತೇನೆ. ಮರದ ಮೇಲಿನವರಿಗೆ ಮಳೆ ಯಾವಾಗ ಬರುತ್ತದೆ ಎಂದು ಫೋನಿನ ಆಪ್‌ಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಆಟಿಯಲ್ಲಿ ಮಾಡಿದರೆ ಏನು ಎಂದು ಕೇಳಬಹುದು. ಗಿಡದ ಲೆಕ್ಕದಲ್ಲಿ ಜುಲೈ ಕೊನೆಗೂ ಅಡ್ಡಿಯಿಲ್ಲ, ಆಗಸ್ಟ್ ದಾಟಬಾರದು ಅಷ್ಟೆ. ಆದರೆ ಅತ್ತೆಯ ಲೆಕ್ಕ ಬೇರೆ. ಆಟಿ ಅಮಾವಾಸ್ಯೆಯ ದಿನ ಹಾಲೆ ಮರದ ಕೆತ್ತೆ, ಅಂದರೆ ತೊಗಟೆ, ತಂದು ಕಷಾಯ ಮಾಡಿ ಕುಡಿಯುತ್ತೇವಲ್ಲ, ಆ ಕೆತ್ತೆಯನ್ನು ಕಲ್ಲಿನಲ್ಲಿ ಜಜ್ಜಿ ತೆಗೆಯುತ್ತಾರೆ, ಕತ್ತಿ ಮುಟ್ಟಿಸುವುದಿಲ್ಲ. ಕಾಡಿನ ಮರಕ್ಕೇ ಆ ತಿಂಗಳು ಕಬ್ಬಿಣ ತಾಗಿಸುವುದಿಲ್ಲವಾದರೆ ಮನೆಯಂಗಳದ ಹೂವಿನ ಗಿಡಕ್ಕೆ ತಾಗಿಸುವುದುಂಟೇ ಎಂದು ಅವರ ವಾದ. ಇದಕ್ಕೆ ಎದುರು ವಾದ ಮಾಡಿ ಗೆದ್ದವರಿಲ್ಲ. ನಾನು ಪ್ರಯತ್ನವನ್ನೂ ಮಾಡಲಿಲ್ಲ.

ಅತ್ತೆ ಒಪ್ಪಿದ್ದು ಒಂದು ಶಬ್ದದಿಂದ. ಕುಂಬಳೆ ಕಡೆಯ ನರ್ಸರಿಯಿಂದ ಕರಿಮೆಣಸಿನ ಬಳ್ಳಿ ತರಲಿಕ್ಕೆ ಹೋಗಿದ್ದಾಗ ಅಲ್ಲಿಯವರ ಹತ್ತಿರ ಈ ಕಥೆ ಹೇಳಿದೆ. ಅವರು ಮಲಯಾಳದಲ್ಲಿ "ಕೊಂಬು ಕೋತಣಂ ಚೇಚಿ" ಅಂದರು, ಗೆಲ್ಲು ಕತ್ತರಿಸಬೇಕು ಅಕ್ಕಾ ಎಂದು. ಕೋತುವುದು. ಮಲಯಾಳದಲ್ಲಿ ತಲೆಗೂದಲನ್ನು ಬೆರಳಿನಲ್ಲಿ ಬಿಡಿಸಿ ಬಾಚುವುದಕ್ಕೂ ಕೋತುವುದು ಅನ್ನುತ್ತಾರೆ, ಹಕ್ಕಿ ಕೊಕ್ಕಿನಲ್ಲಿ ಗರಿ ನೀವಿಕೊಳ್ಳುವುದಕ್ಕೂ ಅದೇ. ಬಸ್ಸಿನಲ್ಲಿ ಬರುತ್ತ ಇದನ್ನೇ ಯೋಚಿಸುತ್ತಿದ್ದೆ. ನೀರ್ಚಾಲು ದಾಟುವಾಗ ಹೊಳೆಯಿತು, ನಮ್ಮಲ್ಲೂ ಹಾಗೆಯೇ ಇದೆಯಲ್ಲ! ಗೆಲ್ಲು ಸವರುವುದು. ಮಗುವಿನ ತಲೆ ಸವರುವುದು. ಒಂದೇ ಶಬ್ದ.

ಮನೆಗೆ ಬಂದು ಅತ್ತೆಯ ಹತ್ತಿರ "ಕಡಿಯುವುದಿಲ್ಲ, ಸುಮ್ನೆ ಒಮ್ಮೆ ಸವರಿ ಬಿಡುತ್ತೇನೆ" ಎಂದೆ. ಅವರು ತುಂಬ ಹೊತ್ತು ನನ್ನನ್ನು ನೋಡಿದರು. ಮತ್ತೆ "ಎಷ್ಟು?" ಎಂದು ಕೇಳಿದರು. ಬೇಡ ಅನ್ನಲಿಲ್ಲ!

ಎಷ್ಟು ಎಂಬುದೇ ಸರಿಯಾದ ಪ್ರಶ್ನೆ. ಒಂದು ವರ್ಷಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ತೆಗೆಯಬಾರದು. ನಮ್ಮದು ಹಳೆಯ, ಉದ್ದಕ್ಕೆ ಹೋದ ಗಿಡವಾದ್ದರಿಂದ ಮೂರು ವರ್ಷದ ಕೆಲಸವೆಂದು ಲೆಕ್ಕ ಹಾಕಿದೆ. ಮೊದಲ ವರ್ಷ ಒಣಗಿದ್ದು, ಒಂದರ ಮೇಲೊಂದು ಉಜ್ಜಿಕೊಳ್ಳುತ್ತಿದ್ದದ್ದು, ಒಳಮುಖವಾಗಿ ಬೆಳೆದದ್ದು, ಮತ್ತೆ ಎಲ್ಲಕ್ಕಿಂತ ಉದ್ದದ ಒಂದೇ ಒಂದು ಗೆಲ್ಲು. ಮುಂದಿನ ವರ್ಷ ಇನ್ನೊಂದು. ಈ ಮೂರು ವರ್ಷವೂ ಉಳಿದ ಗೆಲ್ಲುಗಳಲ್ಲಿ ಹೂ ಬಂತು. ಅತ್ತೆ ಬುಟ್ಟಿ ಹಿಡಿದು ತೋಡು ದಾಟಲಿಲ್ಲ.

ಕತ್ತರಿಸುವ ಜಾಗ ಒಮ್ಮೆ ಹತ್ತಿರದಿಂದ ನೋಡಬೇಕು. ಗಂಧರಾಜನ ಎಲೆ ಎದುರುಬದುರು ಜೋಡಿಯಾಗಿ ಬರುತ್ತದೆ. ಎಲೆಯ ತೊಟ್ಟು ಗೆಲ್ಲಿಗೆ ಸೇರುವ ಸಂದಿಯಲ್ಲಿ ರಾಗಿ ಕಾಳಿಗಿಂತ ಸಣ್ಣ ಒಂದು ಹಸಿರು ಉಬ್ಬು ಇರುತ್ತದೆ, ಆಚೆ ಒಂದು, ಈಚೆ ಒಂದು. ತುದಿ ಇರುವಷ್ಟು ದಿನ ಅವು ಏಳುವುದಿಲ್ಲ. ಮನೆಯಲ್ಲಿ ಯಜಮಾನ ಎದುರಿಗಿದ್ದಾಗ ಮಕ್ಕಳು ಬಾಯಿ ಬಿಡದ ಹಾಗೆ. ಆ ಜೋಡಿಯಿಂದ ಸ್ವಲ್ಪವೇ ಮೇಲೆ, ಕಿರುಬೆರಳ ಉಗುರಿನ ಅಗಲದಷ್ಟು ಬಿಟ್ಟು ಓರೆಯಾಗಿ ಕತ್ತರಿಸಿದರೆ ಎರಡೂ ಏಳುತ್ತವೆ. ಒಂದು ತುದಿ ಇದ್ದಲ್ಲಿ ಎರಡು ತುದಿ, ಒಂದು ಹೂ ಇದ್ದಲ್ಲಿ ಎರಡು ಹೂ. ಸವರಿ ಮೂರನೇ ವಾರಕ್ಕೆ ನೋಡಿದರೆ ಆ ಸಂದಿಯಲ್ಲಿ ಮಡಚಿದ ಕೈಗಳ ಹಾಗೆ ಚಿಗುರು ಹೊರಟಿರುತ್ತದೆ. ಅತ್ತೆ ಈಗ ಕನ್ನಡಕ ಹಾಕಿಕೊಂಡು ಅದನ್ನು ಎಣಿಸುತ್ತಾರೆ.

ತೋಟದ ಕತ್ತಿ ಇದಕ್ಕೆ ಆಗದು. ಏಟು ಬಿದ್ದ ಕಡೆ ಸಿಪ್ಪೆ ಜಜ್ಜಿಹೋಗುತ್ತದೆ. ಗಿಡ ಸವರುವ ಸ್ಪ್ರಿಂಗ್ ಕತ್ತರಿಯೇ ಬೇಕು, ಹರಿತ ಇರಬೇಕು, ಬಳಸುವ ಮೊದಲು ಸ್ಪಿರಿಟ್‌ನಲ್ಲಿ ಒರೆಸಬೇಕು. ಹೆಬ್ಬೆರಳ ದಪ್ಪದ ಗೆಲ್ಲು ಕತ್ತರಿಸಿದರೆ ಗಾಯಕ್ಕೆ ಮೈಲುತುತ್ತು ಮತ್ತು ಸುಣ್ಣವನ್ನು ಗಟ್ಟಿಯಾಗಿ ಕಲಸಿ ಬಳಿಯುತ್ತೇನೆ. ಮಳೆಯ ನೀರಿನಿಂದ ಕೊಳೆ ಹತ್ತುವುದಿಲ್ಲ. ಒಣಗಿ ಜೋತುಬಿದ್ದ ಹಳೆಯ ಹೂಗಳನ್ನೂ ತೊಟ್ಟು ಸಮೇತ ತೆಗೆಯಬೇಕು. ನಮ್ಮದು ಸುತ್ತುಸುತ್ತು ಎಸಳಿನದು, ಕಾಯಿ ಕಟ್ಟುವುದಿಲ್ಲ. ಒಂದು ಸುತ್ತಿನ ಹೂವಿನದು ಕಿತ್ತಳೆ ಬಣ್ಣದ, ಏಣು ಏಣಾದ ಕಾಯಿ ಬಿಡುತ್ತದೆ. ಕೇಸರಿಗೆ ಬಣ್ಣ ಕೊಡುವ ವಸ್ತುವೇ ಆ ಕಾಯಿಯಲ್ಲೂ ಇದೆ. ಜಪಾನಿನಲ್ಲಿ ಅದನ್ನು ಹಾಕಿ ಉಪ್ಪಿನಕಾಯಿಗೆ ಹಳದಿ ಬರಿಸುತ್ತಾರೆ. ನಮ್ಮ ಅಂಗಳದವನಿಂದ ಅದೆಲ್ಲ ಆಗುವ ಕೆಲಸವಲ್ಲ.

ಸುಣ್ಣ ಎಂದಾಗ ನೆನಪಾಯಿತು. ಇದೂ ನನ್ನದೇ ಪೆದ್ದುತನ.

ಆರೇಳು ವರ್ಷದ ಹಿಂದೆ ಗಿಡದ ಎಲೆ ಹಳದಿಯಾಗತೊಡಗಿತು. ಹಣ್ಣೆಲೆಯ ಹಳದಿಯಲ್ಲ. ಹೊಸ ಎಲೆಯೇ ಹಳದಿ, ಅದರ ನರಗಳು ಮಾತ್ರ ಹಸಿರು. ಬಿಳಿಚಿದ ಮುಖದಲ್ಲಿ ನರ ಎದ್ದ ಹಾಗೆ. ನೀರು ಜಾಸ್ತಿಯಾಯಿತೋ ಎಂದು ಕಡಿಮೆ ಮಾಡಿದೆ. ಗೊಬ್ಬರ ಕಡಿಮೆಯಾಯಿತೋ ಎಂದು ಜಾಸ್ತಿ ಮಾಡಿದೆ. ಮೊಗ್ಗುಗಳು ಹಸಿರು ಬತ್ತಿ ಹೊಸೆದಂತೆ ಸುರುಳಿ ಸುತ್ತಿಕೊಂಡು ಬಂದು, ಬಿಳಿಯ ಗೆರೆ ಕಾಣುವ ಹೊತ್ತಿಗೆ ಉದುರುತ್ತಿದ್ದವು. ಕೊನೆಗೆ ಕೃಷಿ ಭವನಕ್ಕೆ ಎರಡು ಪೊಟ್ಟಣ ಮಣ್ಣು ಕೊಟ್ಟೆ, ಒಂದು ಗಿಡದ ಬುಡದ್ದು, ಒಂದು ತೋಟದ್ದು. ಪಿಎಚ್ ಅಂದರೆ ಮಣ್ಣಿನ ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ. ತೋಟದ ಮಣ್ಣಿನ ಪಿಎಚ್ 5.4. ಗಿಡದ ಬುಡದ್ದು 7.6.

ಒಂದೇ ಅಂಗಳದಲ್ಲಿ ಇಷ್ಟು ವ್ಯತ್ಯಾಸ ಹೇಗೆ? ಉತ್ತರ ಗಿಡದ ಪಕ್ಕದಲ್ಲೇ ಕವುಚಿ ಇಟ್ಟಿತ್ತು. ನೀಲಿ ಬಣ್ಣದ ಪ್ಲಾಸ್ಟಿಕ್ ಡ್ರಮ್ಮು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಆ ಸುಣ್ಣ ಅರಳಿಸುವ ಡ್ರಮ್ಮನ್ನು ಪ್ರತಿ ಸಲವೂ ತೊಳೆದು ಕವುಚುತ್ತಿದ್ದದ್ದು ಗಂಧರಾಜನ ಬುಡದಲ್ಲಿ. ನೀರು ಸುಮ್ಮನೆ ಯಾಕೆ ಹಾಳಾಗಬೇಕು, ಗಿಡಕ್ಕಾದರೂ ಹೋಗಲಿ ಎಂದು ಜಾಗ ತೋರಿಸಿದವಳು ನಾನೇ.

ಗಂಧರಾಜನಿಗೆ ಹುಳಿ ಮಣ್ಣು ಬೇಕು, ಪಿಎಚ್ 5ರಿಂದ 6ರ ಆಸುಪಾಸು ಇದ್ದರೆ ಖುಷಿ. ಸುಣ್ಣ ಬಿದ್ದರೆ ಮಣ್ಣಿನಲ್ಲಿರುವ ಕಬ್ಬಿಣ ಬೇರಿಗೆ ಸಿಗದ ಹಾಗೆ ಗಟ್ಟಿಯಾಗಿ ಕೂತುಬಿಡುತ್ತದೆ. ನಮ್ಮ ಊರೆಂದರೆ ಮುರಕಲ್ಲಿನ ಊರು. ಅಂಗಳಕ್ಕೆ ಇಳಿದರೆ ಅಂಗಾಲು ಕೆಂಪಾಗುತ್ತದೆ, ಆ ಕೆಂಪು ಕಬ್ಬಿಣದ್ದೇ. ಅಷ್ಟು ಕಬ್ಬಿಣದ ನಡುವೆ ನಿಂತುಕೊಂಡು ಆ ಗಿಡ ಕಬ್ಬಿಣಕ್ಕೆ ಹಸಿದಿತ್ತು.

ಡ್ರಮ್ಮನ್ನು ಹಟ್ಟಿಯ ಹಿಂದೆ ಸಾಗಿಸಿದೆವು. ಬುಡದ ಮೇಲ್ಮಣ್ಣು ಅರ್ಧ ಗೇಣು ತೆಗೆದು, ಗುಡ್ಡೆಯಿಂದ ತಂದ ಮಣ್ಣು, ಹಳೆಯ ಹಟ್ಟಿಗೊಬ್ಬರ, ತೆಂಗಿನ ನಾರಿನ ಹುಡಿ ಹಾಕಿದೆ. ಅನ್ನಭೇದಿಯನ್ನು, ಅಂದರೆ ಕಬ್ಬಿಣದ ಸಲ್ಫೇಟನ್ನು, ಲೀಟರಿಗೆ 5 ಗ್ರಾಂನಂತೆ ಕರಗಿಸಿ ಸಂಜೆ ಹೊತ್ತು ಎಲೆಗೆ ಚಿಮುಕಿಸಿದೆ. ಸುಣ್ಣದ ಮಣ್ಣಿಗೆ ಅನ್ನಭೇದಿ ಸುರಿದರೆ ಅದೂ ಅಲ್ಲೇ ಕಟ್ಟಿಹೋಗುತ್ತದೆ, ಎಲೆಗೆ ಕೊಟ್ಟರೆ ನೇರ ಸಿಗುತ್ತದೆ. ಹೊಸ ಎಲೆ ಹಸಿರಾಗಿ ಬಂತು. ಹಳದಿಯಾಗಿದ್ದ ಕೆಲವು ಎಲೆ ಮಾತ್ರ ಕೊನೆಯವರೆಗೂ ಹಳದಿಯೇ. ಆಗಿದ್ದನ್ನು ನೆನಪು ಮಾಡಿಕೊಡಲಿಕ್ಕೆ ಇದ್ದವೇನೋ.

ಸವರಿದ ಮೇಲಿನ ಆರೈಕೆ ದೊಡ್ಡದೇನಲ್ಲ. ಸುರಿಯುವ ಮಳೆಯಲ್ಲಿ ಗೊಬ್ಬರ ಹಾಕಿದರೆ ತೋಡಿಗೆ ಹಾಕಿದಂತೆ. ಬುಡಕ್ಕೆ ತರಗೆಲೆ ಮುಚ್ಚಿ ಸುಮ್ಮನಿರುತ್ತೇನೆ, ಕಾಂಡಕ್ಕೆ ತಾಗದ ಹಾಗೆ ಒಂದು ಗೇಣು ಬಿಟ್ಟು. ಸೆಪ್ಟೆಂಬರಿನಲ್ಲಿ ಮಳೆ ಹಗುರಾದ ಮೇಲೆ ಒಂದು ಮುಷ್ಟಿ ನೆಲಗಡಲೆ ಹಿಂಡಿ, ಒಂದು ಮುಷ್ಟಿ ಬೇವಿನ ಹಿಂಡಿ. ಜನವರಿಯಿಂದ ಮಾತ್ರ ನೀರು ತಪ್ಪಬಾರದು. ಮೊಗ್ಗು ಇರುವಾಗ ಒಂದು ವಾರ ಒಣಗಿಸಿ ಮರುದಿನ ಕೊಡಗಟ್ಟಲೆ ಸುರಿದರೆ ಮೊಗ್ಗೆಲ್ಲ ನೆಲದಲ್ಲಿ. ಇವನು ಸಿಟ್ಟಿನ ಮನುಷ್ಯ.

ಹೊಸ ಚಿಗುರಿಗೆ ಬಿಳಿ ಹಿಟ್ಟಿನ ಹುಳ ಬರುತ್ತದೆ. ಬೇವಿನೆಣ್ಣೆಯನ್ನು ಸಾಬೂನು ನೀರಿನಲ್ಲಿ ಕದಡಿ ಹೊಡೆಯುತ್ತೇನೆ. ಅದಕ್ಕಿಂತ ಖಾರದ ಔಷಧಿ ಮನೆಗೆ ತರುವುದಿಲ್ಲ. 2000ನೇ ಇಸವಿಯವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಸೀಮೆ ಇದು. ಹುಳದ ಔಷಧಿಯ ಡಬ್ಬ ಕಂಡರೆ ಅತ್ತೆಯ ಮುಖ ಈಗಲೂ ಬದಲಾಗುತ್ತದೆ, ಪೆರ್ಲದ ಕಡೆಯವರಲ್ವಾ.

ಇನ್ನೊಂದು ಹುಳವಿದೆ, ಅದನ್ನು ಕೊಲ್ಲಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ. ಬೆರಳುದ್ದದ ಹಸಿರು ಹುಳ, ಬಾಲದಲ್ಲಿ ಒಂದು ಕೊಂಬು. ಎರಡೇ ದಿನದಲ್ಲಿ ಒಂದು ಗೆಲ್ಲಿನ ಚಿಗುರು ಪೂರ್ತಿ ಬೋಳು ಮಾಡುತ್ತದೆ. ಅದು ಬೆಳೆದು ಪತಂಗವಾದರೆ ರೆಕ್ಕೆ ಗಾಜಿನ ಹಾಗೆ ಪಾರದರ್ಶಕ, ಹಗಲಿನಲ್ಲೇ ದುಂಬಿಯಂತೆ ಗುಂಯ್ ಎಂದು ಹೂವಿನೆದುರು ನಿಂತು ಹಾರುತ್ತದೆ. ಸಿಕ್ಕಿದರೆ ಎಲೆ ಸಮೇತ ಕಿತ್ತು ಗುಡ್ಡೆಯ ಕಾರೆ ಗಿಡಕ್ಕೆ ಬಿಟ್ಟು ಬರುತ್ತೇನೆ. ಅಲ್ಲಿ ತಿನ್ನುತ್ತದೋ ಬಿಡುತ್ತದೋ ನಾನು ನಿಂತು ನೋಡಿಲ್ಲ.

ಈ ಸಲ ಬಿಡುವು ಸಿಕ್ಕಿದ್ದು ಜೂನ್ 19ಕ್ಕೆ. ಅಡಿಕೆ ಮರದ ಮೇಲಿಂದ "ಅಕ್ಕಾ, ಸಂಜೆವರೆಗೆ ಬರ್ಲಿಕ್ಕಿಲ್ಲ" ಎಂದು ಕೂಗು ಬಂತು. ಅತ್ತೆ ಕುರ್ಚಿಯನ್ನು ಅಂಗಳಕ್ಕೆ ಹಾಕಿಸಿಕೊಂಡರು. ಮೊಣಕಾಲು ನೋವು ಬಂದ ಮೇಲೆ ಅವರ ಊರುಗೋಲೇ ಅವರ ಬೆರಳು. ಅದನ್ನೆತ್ತಿ ಇದು, ಅದು, ಅದರ ಹಿಂದಿನದ್ದು ಎಂದು ತೋರಿಸಿದರು. ನಾನು ಸವರಿದೆ. ಗಿಡ ಈಗ ನನ್ನ ಎದೆಯ ಎತ್ತರಕ್ಕಿದೆ, ಅತ್ತೆ ಕೂತಲ್ಲಿಂದ ಕೈ ಚಾಚಿದರೆ ಹೂ ಸಿಗುತ್ತದೆ.

ತೆಗೆದ ಗೆಲ್ಲುಗಳಲ್ಲಿ ತೀರಾ ಎಳತೂ ಅಲ್ಲದ, ಬಲಿತೂ ಇರದ ಆರನ್ನು ಆರಿಸಿ, ಗೇಣುದ್ದಕ್ಕೆ ಕತ್ತರಿಸಿ, ಮೇಲಿನ ನಾಲ್ಕು ಎಲೆ ಬಿಟ್ಟು ಉಳಿದದ್ದು ಕಿತ್ತು, ಹೊಯಿಗೆ (ಮರಳು) ಮತ್ತು ನಾರಿನ ಹುಡಿ ತುಂಬಿದ ತೆಂಗಿನ ಗೆರಟೆಗಳಲ್ಲಿ ಊರಿ ಮಾಡಿನ ಕೆಳಗೆ ಇಟ್ಟೆ. ಮಳೆಗಾಲದ ತೇವಕ್ಕೆ ಒಂದೂವರೆ ಎರಡು ತಿಂಗಳಲ್ಲಿ ಬೇರು ಬಿಡುತ್ತದೆ. ಎರಡು ಬೆಂಗಳೂರಿಗೆ, ಅತ್ತಿಗೆಯ ಬಾಲ್ಕನಿಗೆ.

ಮೊನ್ನೆ ಅವರ ಫೋನು ಬಂತು. ಸ್ಪೀಕರಿನಲ್ಲಿತ್ತು. ಅತ್ತಿಗೆ ಕೇಳಿದರು, "ಅಬ್ಬೇ, ಅದಕ್ಕೆ ಎಂತೆಲ್ಲ ಮಾಡೆಕ್ಕು?"

ಬೋರ್‌ವೆಲ್ಲಿನ ಗಡಸು ನೀರು ಕೊಡಬೇಡ, ಮಳೆ ನೀರು ಹಿಡಿದಿಟ್ಟುಕೋ ಎಂದರು ಅತ್ತೆ. ಸುಣ್ಣದ ಗೋಡೆಗೆ ತಾಗಿಸಿ ಇಡಬೇಡ ಎಂದರು. ಮತ್ತೆ ಗಂಟಲು ಸರಿಮಾಡಿಕೊಂಡು, ತಾವು ಹುಟ್ಟಿದಂದಿನಿಂದ ಇದನ್ನೇ ಹೇಳಿಕೊಂಡು ಬಂದವರ ಹಾಗೆ ಶುರು ಮಾಡಿದರು.

"ಸುಮ್ಮನೆ ಬಿಟ್ಟರೆ ಕೋಲಿನ ಹಾಂಗೆ ಉದ್ದ ಹೋವ್ತು. ಪತ್ತನಾಜೆ ಕಳುದ ಮತ್ತೆ, ಆಟಿ ಸುರು ಅಪ್ಪಂದ ಮದಲು ಸವರೆಕ್ಕು. ನವರಾತ್ರಿಗೆ ಆರಾದರೂ ಕತ್ತಿ ಮುಟ್ಟುಸುತ್ತವಾ?"

ನಾನು ಅಡುಗೆಮನೆಯಲ್ಲಿ ಬದನೆ ಹೆಚ್ಚುತ್ತಿದ್ದೆ. ಕೇಳಿಯೂ ಕೇಳದ ಹಾಗೆ ಹೆಚ್ಚುತ್ತಲೇ ಇದ್ದೆ.